ಊರಿಗೆ ಮರ, ಕಾವಲಿಗೆ ಹುಲ್ಲು, ಸೂರಿಗೆ ಸೌರಫಲಕ

ಚಿಕ್ಕಮಗಳೂರು ಜಿಲ್ಲೆಯೆಂದರೆ ಕಾಫಿ, ಮಂಜು, ಜಡಿಮಳೆ ಎಂಬುದು ಹೊರಗಿನವರ ಎಣಿಕೆ. ಆದರೆ ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದರೆ, ಅದೇ ಜಿಲ್ಲೆಯ ಕಡೂರಿಗೆ ದಕ್ಕುವುದು ಸುಮಾರು 600 ಮಿಲಿಮೀಟರ್ ಮಾತ್ರ. ಬಾಬಾಬುಡನ್ ಗಿರಿಶ್ರೇಣಿಯ ಮಳೆನೆರಳಿನ ಈ ಸೀಮೆಗೆ ಬರ ಹೊಸದಲ್ಲ. ಹೊಸದೇನೆಂದರೆ ಅದರ ವ್ಯಾಪ್ತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಜಾಗತಿಕ ತಾಪಮಾನ ಏರಿಕೆಗೆ ನಾವು ಕಂಡುಕೊಂಡಿರುವ ಜನಪ್ರಿಯ ಉತ್ತರಗಳು ಎರಡು: ಗಿಡ ನೆಡುವುದು ಮತ್ತು ಸೌರವಿದ್ಯುತ್ತಿನಂತಹ ಶುದ್ಧ ತಂತ್ರಜ್ಞಾನವನ್ನು ಬಳಸುವುದು. ಎರಡೂ ಬೇಕು. ಆದರೆ ಯಾವುದು ಎಲ್ಲಿ ಎಂಬ ಪ್ರಶ್ನೆಯನ್ನು ಕೇಳದೆ ಹೊರಟರೆ ಮದ್ದೇ ರೋಗವಾದೀತು. ಈ ಮಾತಿಗೆ ಕಡೂರು, ತರೀಕೆರೆ, ಅಜ್ಜಂಪುರಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮೊದಲು ಊರಿನ ಮಾತು. ತರೀಕೆರೆಯಿಂದ ಲಕ್ಕವಳ್ಳಿಯತ್ತ ಹೊರಟರೆ ಭದ್ರಾ ಅಭಯಾರಣ್ಯ ಎದುರಾಗುತ್ತದೆ. ಕಾಡು ಇಷ್ಟು ಹತ್ತಿರವಿರುವಾಗ ಪೇಟೆಯಲ್ಲಿ ಮರವೇಕೆ ಎನ್ನುವವರಿದ್ದಾರೆ. ಆದರೆ ಲಕ್ಕವಳ್ಳಿಯ ತೇಗ ತರೀಕೆರೆಯ ಬಸ್ ನಿಲ್ದಾಣಕ್ಕೆ ನೆರಳು ಕೊಡುವುದಿಲ್ಲ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿರುತ್ತದೆ. ತಳ್ಳುಗಾಡಿಯವರಿಗೆ, ಸಂತೆಗೆ ಬಂದ ರೈತರಿಗೆ, ಶಾಲೆಯಿಂದ ನಡೆದು ಬರುವ ಮಕ್ಕಳಿಗೆ ಇದು ಕೇವಲ ಅಂಕಿ-ಅಂಶವಲ್ಲ.

ಆದರೂ ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಸಾಲುಮರಗಳೇ. ಕಡಿದ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಸಮಾಧಾನ ಲೆಕ್ಕಪುಸ್ತಕಕ್ಕೆ ಸರಿ, ನೆರಳಿಗಲ್ಲ. ಐವತ್ತು ವರ್ಷದ ಹುಣಸೆಯ ನೆರಳನ್ನು ಹತ್ತು ಸಸಿಗಳು ನಾಳೆಯೇ ಕೊಡಲಾರವು. ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ದಂಪತಿಯನ್ನು ನಾಡು ನೆನೆಯುವುದು ಅವರು ಗಿಡ ನೆಟ್ಟರೆಂಬುದಕ್ಕಷ್ಟೇ ಅಲ್ಲ, ನೀರು ಹೊತ್ತು ಹಾಕಿದರೆಂಬುದಕ್ಕೆ.

ಇನ್ನು ಕಾವಲಿನ ಮಾತು. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತಮಹಲ್’ ಎಂದು ಹೆಸರಿಟ್ಟ. ಸೈನ್ಯದ ಸಾಮಗ್ರಿ ಎಳೆದ ಆ ರಾಸುಗಳ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಏಳು ಚದರ ಕಿಲೋಮೀಟರ್‌ಗೆ ತುಸು ಹೆಚ್ಚಿರುವ ಆ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ.

ಇಂಥ ಬಯಲನ್ನು ಕಂಡೊಡನೆ ‘ಪಾಳುಭೂಮಿ, ಇಲ್ಲಿ ಕಾಡು ಬೆಳೆಸೋಣ’ ಎನ್ನುವುದು ತಪ್ಪು. ಹುಲ್ಲುಗಾವಲು ತನ್ನ ಇಂಗಾಲವನ್ನು ಬಹುಪಾಲು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ ಬಚ್ಚಿಟ್ಟಿರುತ್ತದೆ. ಅಲ್ಲಿ ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನೆಟ್ಟರೆ ದನಕರುಗಳ ಮೇವು ಹೋಗುತ್ತದೆ. ಬಯಲನ್ನೇ ನಂಬಿದ ಕೃಷ್ಣಮೃಗವೂ ಹೋಗುತ್ತದೆ.

ಶುದ್ಧ ತಂತ್ರಜ್ಞಾನಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿದೆ. ಅಷ್ಟು ಭೂಮಿ ಬೇಡುವ ಉದ್ಯಮದ ಕಣ್ಣು ಕಾವಲುಗಳ ಮೇಲೆ ಬೀಳುವುದು ಸಹಜ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ, ಜೊತೆಗೆ ಸೌರವಿದ್ಯುತ್ ಕಂಪನಿಯೊಂದಕ್ಕೆ ಹಂಚಿಕೆಯಾದಾಗ, ಅದನ್ನು ನೆಚ್ಚಿದ್ದ ಹಳ್ಳಿಗರು ಬೀದಿಗಿಳಿಯಬೇಕಾಯಿತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ಹಾಗಾದರೆ ಫಲಕಗಳು ಎಲ್ಲಿರಬೇಕು? ನಮ್ಮ ತಾರಸಿಗಳ ಮೇಲೆ. ಒಂದು ಕಿಲೋವಾಟ್ ಘಟಕಕ್ಕೆ ಬೇಕಾಗುವ ಜಾಗ ಸುಮಾರು ನೂರು ಚದರ ಅಡಿ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ ಮೂರು ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಲಾಯಿತು. ಮನೆಗಳಷ್ಟೇ ಅಲ್ಲ, ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆ, ಕಚೇರಿ, ಗೋದಾಮುಗಳ ಸೂರುಗಳೂ ಬಿಸಿಲಿಗೆ ಬೆನ್ನೊಡ್ಡಿ ಸುಮ್ಮನೆ ಬಿದ್ದಿವೆ. ಅವು ತುಂಬುವ ಮುನ್ನ ಕಾವಲಿಗೆ ಕೈಹಾಕುವುದಕ್ಕೆ ಸಮರ್ಥನೆಯಿಲ್ಲ.

ಫಲಕಕ್ಕೆ ನೆರಳು ಬೀಳುತ್ತದೆಂದು ಮರಕ್ಕೆ ಕೊಡಲಿ ಹಾಕಿದರೆ ಮತ್ತೆ ಅದೇ ತಪ್ಪು. ತುಸು ಯೋಜನೆಯಿದ್ದರೆ ಎರಡಕ್ಕೂ ಜಾಗವಿದೆ. ವಿದ್ಯುತ್ ತಂತಿಯ ಕೆಳಗೆ ಆಲ, ಅರಳಿ ನೆಟ್ಟು ಆಮೇಲೆ ವರ್ಷವರ್ಷವೂ ಕೊಂಬೆ ಕಡಿಯುವ ಬದಲು ಅಲ್ಲಿ ಗಿಡ್ಡಜಾತಿಯ ಮರಗಳಿರಲಿ. ಹೊಂಗೆ, ಬೇವು, ನೇರಳೆಗಳು ತೆರಪಿರುವೆಡೆ ಬೆಳೆಯಲಿ. ಬುಡಕ್ಕೆ ಕಾಂಕ್ರೀಟ್ ಸುರಿಯದೆ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕೆಂಬ ನಿಯಮವನ್ನು ಪಾಲಿಸಲು ಸ್ಥಳೀಯ ಸಂಸ್ಥೆಗೆ ಹೆಚ್ಚಿನ ಅನುದಾನವೇನೂ ಬೇಕಿಲ್ಲ. ಪಟ್ಟಣದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಅನುಮತಿ ಎಲ್ಲಿದೆ ಎಂದು ಕೇಳುವ ಹಕ್ಕು ನಾಗರಿಕರದು.

ಮಹಾನಗರಗಳು ಮರಗಳನ್ನು ಕಳೆದುಕೊಂಡ ಮೇಲೆ ಎಚ್ಚೆತ್ತವು. ಈ ಮೂರು ಊರುಗಳಿಗೆ ಇನ್ನೂ ಸಮಯವಿದೆ. ವನಮಹೋತ್ಸವದಂದು ಎಷ್ಟು ಸಸಿ ನೆಟ್ಟೆವೆಂಬ ವರದಿಗಿಂತ, ಮೂರನೆಯ ಬೇಸಿಗೆ ದಾಟಿ ಎಷ್ಟು ಉಳಿದವು ಎಂಬ ಲೆಕ್ಕವನ್ನು ಪುರಸಭೆಯ ಮುಂದಿಡಲಿ. ನಿಜವಾದ ಉತ್ತರ ಅಲ್ಲಿಂದ ಶುರುವಾದೀತು.