ಸಾಹಿತಿಗಳ ಸ್ನೇಹ

ಕಾವ್ಯವು ಏಕಾಂತದಲ್ಲಿ ಹುಟ್ಟತಕ್ಕದ್ದೆಂದು ನಾವೆಲ್ಲರೂ ನಂಬಿದ್ದೇವೆ. ನಂಬಿಕೆಯೇನೋ ಸುಳ್ಳಲ್ಲ. ಆದರೆ ಹುಟ್ಟಿದ ಕಾವ್ಯವು ಬದುಕಿ ಬೆಳೆದು ಜನರ ಕೈ ಸೇರಬೇಕಾದರೆ ಏಕಾಂತವೊಂದೇ ಸಾಲದು. ಬರೆದುದನ್ನು ಮೊದಲು ಕೇಳುವ ಕಿವಿ ಬೇಕು. ತಪ್ಪಿದೆಡೆಯಲ್ಲಿ ತಿದ್ದುವ ನಾಲಗೆ ಬೇಕು. ಹಸ್ತಪ್ರತಿಯನ್ನು ಅಚ್ಚುಕೂಟದವರೆಗೆ ಹೊತ್ತು ಮುಟ್ಟಿಸುವ ಕೈ ಬೇಕು. ಹೊಸಗನ್ನಡದ ಆರಂಭಕಾಲದಲ್ಲಿ ಇವನ್ನೆಲ್ಲ ಹಣ ತೆತ್ತು ಪಡೆಯುವ ಅನುಕೂಲವು ಬಹುಮಂದಿ ಲೇಖಕರಿಗೆ ಇರಲಿಲ್ಲ. ಪುಸ್ತಕ ಕೊಳ್ಳುವವರು ಕಡಮೆ, ಪ್ರಕಾಶಕರು ಇನ್ನೂ ಕಡಮೆ. ಆ ಕೊರತೆಯನ್ನು ತುಂಬಿಕೊಟ್ಟದ್ದು ಸ್ನೇಹ. ಸಾಹಿತಿಗಳ ಗೆಳೆತನವೆಂಬುದು ಬಿಡುವಿನ ವೇಳೆಯ ಹರಟೆಯಷ್ಟೇ ಅಲ್ಲವೆಂದೂ, ಸಾಹಿತ್ಯವು ಬೆಳೆಯಲು ಅದೊಂದು ಮುಖ್ಯ ಕಾರಣವೆಂದೂ ತೋರಿಸುವ ಕೆಲವು ನಿದರ್ಶನಗಳನ್ನು ನಾವು ಇಲ್ಲಿ ನೋಡೋಣ.

ಮೊದಲು ಕಿವಿಯ ಮಾತು. ಟಿ. ಪಿ. ಕೈಲಾಸಂ ಅವರು ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು. ಮೈಸೂರು ಸಂಸ್ಥಾನದ ಮನೆಮನೆಗಳಲ್ಲಿ ಆಡುತ್ತಿದ್ದ ಭಾಷೆಯನ್ನು, ಅದರಲ್ಲಿ ಬೆರೆತಿದ್ದ ಇಂಗ್ಲಿಷಿನ ಸಮೇತವಾಗಿ, ರಂಗಭೂಮಿಯ ಮೇಲೆ ತಂದು ನಿಲ್ಲಿಸಿದವರು. ಆದರೆ ಕುಳಿತು ಬರೆಯುವುದು ಅವರ ಸ್ವಭಾವಕ್ಕೆ ಒಗ್ಗಿದುದಲ್ಲ. ಗೆಳೆಯರ ನಡುವೆ ನಾಟಕವನ್ನು ಬಾಯಲ್ಲಿ ಹೇಳುತ್ತಿದ್ದರು, ಪಾತ್ರಗಳನ್ನು ತಾವೇ ಆಡಿ ತೋರಿಸುತ್ತಿದ್ದರು; ಗೆಳೆಯರು ಅದನ್ನು ಬರೆದುಕೊಳ್ಳುತ್ತಿದ್ದರು. 1946ರಲ್ಲಿ ಕೈಲಾಸಂ ಅವರು ತೀರಿಕೊಂಡರು. ಲೇಖನಿ ಹಿಡಿದು ಕುಳಿತ ಆ ಸ್ನೇಹಿತರು ಇಲ್ಲದೆ ಹೋಗಿದ್ದರೆ ಅವರ ನಾಟಕಗಳಲ್ಲಿ ಎಷ್ಟೋ ಅವರ ಉಸಿರಿನೊಡನೆಯೇ ಅಡಗಿಹೋಗುತ್ತಿದ್ದುವು. ಕನ್ನಡ ನಾಡು ನಕ್ಕ ನಗೆಯಲ್ಲಿ ಒಂದು ಪಾಲು ಈ ಲಿಪಿಕಾರರಿಗೆ ಸಲ್ಲಬೇಕು.

ಎರಡನೆಯದು ತಿದ್ದುವ, ಬೆಳೆಸುವ ಔದಾರ್ಯ. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಕನ್ನಡದ ಅಶ್ವಿನೀದೇವತೆಗಳೆಂದು ಹೆಸರಾದ ಜೋಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವನ್ನೂ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನೂ ಕಟ್ಟಿದವರು ಶಾಸ್ತ್ರಿಗಳು. ಇಂಥ ಪತ್ರಿಕೆಗಳಲ್ಲಿಯೇ ಅನೇಕ ತರುಣರು ತಮ್ಮ ಹೆಸರನ್ನು ಮೊದಲು ಅಚ್ಚಿನಲ್ಲಿ ಕಂಡರು. ಹರಿಶ್ಚಂದ್ರಕಾವ್ಯದ ಸಂಗ್ರಹವನ್ನು ಈ ಮಿತ್ರರಿಬ್ಬರೂ ಕೂಡಿಯೇ ಸಿದ್ಧಪಡಿಸಿದರು. ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿ ಶಿಷ್ಯರನ್ನು ಮಿತ್ರರಂತೆ ಕಂಡರು. ಅವರ ಓದಿಗೂ ಬರೆಹಕ್ಕೂ ತಮ್ಮ ಕಾಲವನ್ನು ಧಾರೆಯೆರೆದರು. ಅದಕ್ಕಾಗಿ ಅವರು ತೆತ್ತ ಬೆಲೆಯನ್ನು ನಾವು ಮರೆಯಲಾಗದು. ಅವರು ಸ್ವಂತ ಹೆಸರಿನಲ್ಲಿ ಬಿಟ್ಟುಹೋದ ಗ್ರಂಥಗಳು ಅವರ ವಿದ್ವತ್ತಿಗೆ ಹೋಲಿಸಿದರೆ ಬಹು ಸ್ವಲ್ಪ. 1939ರಲ್ಲಿ ಅವರು ಕಾಲವಾದರು. ಅದಾಗಿ ಹತ್ತು ವರ್ಷಗಳ ಮೇಲೆ, 1949ರಲ್ಲಿ, ಅವರ ಶಿಷ್ಯರಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬೆಳಕು ಕಂಡಿತು. ಆ ಮಹಾಕಾವ್ಯವು ಅರ್ಪಿತವಾಗಿರುವುದು ವೆಂಕಣ್ಣಯ್ಯನವರಿಗೆ. ತಾನು ಬರೆಯಬಹುದಾಗಿದ್ದ ಗ್ರಂಥವನ್ನು ಬದಿಗಿಟ್ಟು ಇನ್ನೊಬ್ಬನ ಗ್ರಂಥಕ್ಕೆ ದಾರಿ ಮಾಡಿಕೊಡುವುದು ಹಣದ ದಾನಕ್ಕಿಂತ ಕಠಿನವಾದ ದಾನವೆಂದು ನಮ್ಮ ಭಾವನೆ.

ಇನ್ನು ಉತ್ತರದ ಕಡೆ ನೋಡೋಣ. 1922ರಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿತು. ಆಲೂರು ವೆಂಕಟರಾಯರು ಆರಂಭಿಸಿದ್ದ ‘ಜಯಕರ್ನಾಟಕ’ ಪತ್ರಿಕೆಯ ಭಾರವನ್ನು ಈ ಗೆಳೆಯರು ಕೆಲಕಾಲ ಹೊತ್ತರು. ಅದೇ ಬಳಗದ ಜಿ. ಬಿ. ಜೋಶಿಯವರು 1933ರಲ್ಲಿ ‘ಮನೋಹರ ಗ್ರಂಥಮಾಲೆ’ಯನ್ನು ತೊಡಗಿಸಿದರು. ಹೀಗೆ ಕೂಡಿ ಕುಳಿತು ಕವಿತೆ ಓದುತ್ತಿದ್ದವರ ಸ್ನೇಹವೇ ಮುಂದೆ ಪತ್ರಿಕೆಯಾಗಿ, ಪ್ರಕಾಶನವಾಗಿ ಊರೂರಿಗೆ ಹಬ್ಬಿತು.

ವಿಜಾಪುರ ಸೀಮೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಇಂಥದೇ ಇನ್ನೊಂದು ಬಳಗವಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮುಂತಾದವರು ಅದರಲ್ಲಿದ್ದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳನ್ನೂ ಹಳ್ಳಿಯ ಲಾವಣಿಗಳನ್ನೂ ಇವರು ಕೂಡಿಸಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದುವು. ಇಂಥ ಕಾರ್ಯವು ಒಬ್ಬನಿಂದ ಸಾಗತಕ್ಕದ್ದಲ್ಲ. ಜಾತಿಮತಗಳನ್ನು ಮೀರಿದ ವಿಶ್ವಾಸವಿಲ್ಲದೆ ಸಾಗತಕ್ಕದ್ದೂ ಅಲ್ಲ. ಹೆಸರಿಲ್ಲದ ಹೆಣ್ಣುಮಕ್ಕಳ ಕವಿತ್ವಕ್ಕೆ ಪುಸ್ತಕದಲ್ಲಿ ಸ್ಥಾನ ದೊರಕಿಸಿದ ಕೀರ್ತಿ ಈ ಗೆಳೆಯರದು.

1956ರಲ್ಲಿ ಏಕೀಕರಣವಾಗುವವರೆಗೂ ಕನ್ನಡ ಜನರು ಹಲವು ಸರಕಾರಗಳ ಕೆಳಗೆ ಹಂಚಿಹೋಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರಿನದು ಬೇರೆಯೇ ಆಡಳಿತ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಮೈಸೂರು ಸರಕಾರದ ಅಧಿಕಾರಿಗಳಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಬೇಂದ್ರೆಯವರು ತಮ್ಮ ಕವನವನ್ನು ಹಾಡಿ ಸಭೆಯನ್ನು ಗೆದ್ದದ್ದು ಅದೇ ಸಮ್ಮೇಲನದಲ್ಲಿ. ಮುಂದೆ ಮಾಸ್ತಿಯವರು ‘ಜೀವನ’ ಪತ್ರಿಕೆಯನ್ನು ಕೈಗೆತ್ತಿಕೊಂಡು 1944ರಿಂದ 1965ರವರೆಗೆ ನಡೆಸಿದರು. ರಾಜಕೀಯದ ನಕ್ಷೆಯಲ್ಲಿ ಒಂದಾಗುವ ಮೊದಲೇ ನಾಡು ಸಾಹಿತಿಗಳ ಸ್ನೇಹದಲ್ಲಿ ಒಂದಾಗತೊಡಗಿತ್ತು.

ಇಷ್ಟನ್ನು ಕೇಳಿದ ಮೇಲೆ ಒಂದು ಶಂಕೆ ಏಳುವುದು ಸಹಜ. ಸ್ನೇಹವೆಂಬುದು ಪರಸ್ಪರ ಹೊಗಳಿಕೆಯ ಕೂಟವಾಗುವುದಿಲ್ಲವೆ? ತನ್ನವರನ್ನು ಎತ್ತಿ ಹೊರಗಿನವರನ್ನು ತುಳಿಯುವ ಗುಂಪುಗಾರಿಕೆಯಾಗುವುದಿಲ್ಲವೆ? ಆಗುವುದುಂಟು. ಅದನ್ನು ಪರೀಕ್ಷಿಸುವ ಬಗೆ ಹೇಗೆ? ಧಾರವಾಡದ ಗುಂಪನ್ನೇ ತೆಗೆದುಕೊಳ್ಳಿ. ಬೇಂದ್ರೆಯವರ ಭಾವಗೀತೆಯ ದಾರಿ ಒಂದು, ಶಂ. ಬಾ. ಜೋಶಿಯವರ ಸಂಸ್ಕೃತಿ ಸಂಶೋಧನೆಯ ದಾರಿ ಬೇರೊಂದು. ವಿ. ಕೃ. ಗೋಕಾಕರು ಬೇಂದ್ರೆಯವರನ್ನು ಕಾವ್ಯಗುರುವೆಂದು ಭಾವಿಸಿದವರು. ಆದರೂ ‘ಸಮುದ್ರ ಗೀತೆಗಳ’ಲ್ಲಿ ತಮ್ಮದೇ ದನಿಯನ್ನು ಕಂಡುಕೊಂಡರು. ರಂ. ಶ್ರೀ. ಮುಗಳಿಯವರು ಸಾಹಿತ್ಯಚರಿತ್ರೆಯ ಕಡೆ ತಿರುಗಿದರು. ಒಂದೇ ಕೂಟದಿಂದ ಹೊರಟವರು ಒಬ್ಬರಂತೆ ಒಬ್ಬರು ಬರೆಯಲಿಲ್ಲ. ಒಳ್ಳೆಯ ಸ್ನೇಹದ ಗುರುತು ಇದೇ: ಅದು ಗೆಳೆಯನನ್ನು ತನ್ನ ಅಚ್ಚಿಗೆ ಒತ್ತುವುದಿಲ್ಲ, ಅವನ ಸ್ವಂತ ರೂಪಕ್ಕೆ ಅವನನ್ನು ಮುಟ್ಟಿಸುತ್ತದೆ. ಎದುರಿಗೆ ನಿಷ್ಠುರವಾಗಿ ಮಾತಾಡಿ ಬೆನ್ನ ಹಿಂದೆ ಪಕ್ಷ ವಹಿಸುತ್ತದೆ. ಹೊಸಬನು ಬಾಗಿಲಲ್ಲಿ ನಿಂತರೆ ಸರಿದು ಜಾಗ ಕೊಡುತ್ತದೆ. ಎದುರಿಗೆ ಹೊಗಳಿ ಹಿಂದೆ ಹಳಿಯುವುದೂ, ಹೊಸಬರಿಗೆ ಕದ ಹಾಕುವುದೂ ಎಲ್ಲಿ ಕಾಣುತ್ತವೆಯೋ ಅಲ್ಲಿ ಉಳಿದಿರುವುದು ಗುಂಪು ಮಾತ್ರ, ಗೆಳೆಯರು ಎದ್ದುಹೋಗಿರುತ್ತಾರೆ.

ಇಂದು ಪ್ರಕಾಶಕರು ಹೆಚ್ಚಿದ್ದಾರೆ, ಬಹುಮಾನಗಳಿವೆ, ಅಕಾಡೆಮಿಗಳಿವೆ. ಇವೆಲ್ಲ ಬೇಕಾದುವೇ. ಆದರೆ ಒಬ್ಬ ತರುಣನ ಹಸ್ತಪ್ರತಿಯನ್ನು ಕೊನೆಯವರೆಗೆ ಓದಿ, ಇಂಥ ಪುಟದಲ್ಲಿ ನೀನು ಸೋತಿದ್ದೀಯೆ, ಇಂಥ ಪುಟದಲ್ಲಿ ಗೆದ್ದಿದ್ದೀಯೆ ಎಂದು ಹೇಳುವ ಕೆಲಸವನ್ನು ಯಾವ ಸಂಸ್ಥೆಯೂ ಸಂಬಳ ಕೊಟ್ಟು ಪೂರ್ತಿಯಾಗಿ ಮಾಡಿಸಲಾರದು. ಆ ಕೆಲಸ ಸಾಹಿತಿಗಳಿಗೆ ಮಾತ್ರ ಮೀಸಲೂ ಅಲ್ಲ. ಸಹೃದಯರಾದ ಶ್ರೋತೃಗಳಲ್ಲಿ ಯಾರಿಗಾದರೂ ಬರೆಯುವ, ಹಾಡುವ, ಚಿತ್ರ ತೆಗೆಯುವ ನೆರೆಯವನೊಬ್ಬನು ಇರಬಹುದು. ಅವನಿಗೆ ಒಂದು ಸಂಜೆಯನ್ನು ಕೊಟ್ಟು ಗಮನವಿಟ್ಟು ಕೇಳಿದರೆ ವೆಂಕಣ್ಣಯ್ಯನವರ ಸಾಲದಲ್ಲಿ ಒಂದು ಕಾಸನ್ನು ತೀರಿಸಿದಂತಾಗುವುದು.