ವಿಕಿ ಪುಟದ ಹೊದಿಕೆ ಬದಲಿಸುವುದು ಹೇಗೆ?

ವಿಕಿಪೀಡಿಯದ ಒಂದೇ ಲೇಖನವನ್ನು ಇಬ್ಬರು ತಮ್ಮ ತಮ್ಮ ಗಣಕಗಳಲ್ಲಿ ತೆರೆದಾಗ ಅದು ಎರಡು ಬಗೆಯಾಗಿ ಕಾಣಬಹುದು. ಒಬ್ಬರಿಗೆ ಪರಿವಿಡಿ ಎಡಬದಿಯಲ್ಲಿದ್ದರೆ ಮತ್ತೊಬ್ಬರಿಗೆ ಪೀಠಿಕೆಯ ಕೆಳಗಿರುತ್ತದೆ. ಒಬ್ಬರಲ್ಲಿ ಸಾಲುಗಳು ಪರದೆಯ ಅಂಚಿನವರೆಗೂ ಹಬ್ಬಿದ್ದರೆ ಮತ್ತೊಬ್ಬರಲ್ಲಿ ಪರದೆಯ ನಡುಭಾಗಕ್ಕೆ ಸೀಮಿತವಾಗಿರುತ್ತವೆ. ಆದರೆ ಲೇಖನದ ಒಂದಕ್ಷರವೂ ಬೇರೆಯಾಗಿರುವುದಿಲ್ಲ. ಇದಕ್ಕೆ ಕಾರಣ, ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿ ತಂತ್ರಾಂಶದಲ್ಲಿನ ‘ಸ್ಕಿನ್’ ಎಂಬ ವ್ಯವಸ್ಥೆ.

ಸ್ಕಿನ್ ಎಂದರೆ ಪುಟದ ಹೊದಿಕೆ. ಲೇಖನದ ಪಠ್ಯವು ದತ್ತಸಂಚಯದಲ್ಲಿ ಪ್ರತ್ಯೇಕವಾಗಿ ಸಂಗ್ರಹವಾಗಿರುತ್ತದೆ. ಓದುಗನು ಪುಟವನ್ನು ಕೇಳಿದಾಗ ತಂತ್ರಾಂಶವು ಆ ಪಠ್ಯವನ್ನು ಆಯ್ದ ಹೊದಿಕೆಯ ಚೌಕಟ್ಟಿನೊಳಗೆ ಕೂರಿಸಿ ಕಳುಹಿಸುತ್ತದೆ. ಬಣ್ಣ, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ ಮುಂತಾದವನ್ನು ಸಿಎಸ್‌ಎಸ್ ಎಂಬ ಶೈಲಿ ಸೂಚನೆಗಳು ನಿರ್ಧರಿಸುತ್ತವೆ. ಆದ್ದರಿಂದ ಹೊದಿಕೆ ಬದಲಾದರೂ ಪಠ್ಯಕ್ಕೆ ಧಕ್ಕೆಯಾಗದು.

ಬದಲಾದ ರೂಪಗಳು

2004ರಲ್ಲಿ ‘ಮೊನೊಬುಕ್’ ವಿಕಿಪೀಡಿಯದ ಸಾಮಾನ್ಯ ಹೊದಿಕೆಯಾಯಿತು. 2010ರಲ್ಲಿ ‘ವೆಕ್ಟರ್’ ಅದರ ಸ್ಥಾನವನ್ನು ಪಡೆಯಿತು. ಅದರ ಪರಿಷ್ಕೃತ ರೂಪವಾದ ‘ವೆಕ್ಟರ್ 2022’ ಇಂಗ್ಲಿಷ್ ವಿಕಿಪೀಡಿಯದಲ್ಲಿ 2023ರ ಜನವರಿಯಲ್ಲಿ ಜಾರಿಗೆ ಬಂದಿತು. ಸಾಲಿನ ಅಗಲವನ್ನು ಮಿತಗೊಳಿಸಿ ಎರಡೂ ಬದಿಗಳಲ್ಲಿ ಖಾಲಿ ಜಾಗ ಬಿಟ್ಟದ್ದು ಅನೇಕ ಸಂಪಾದಕರಿಗೆ ರುಚಿಸಲಿಲ್ಲ. ಹಳೆಯ ರೂಪಕ್ಕೆ ಮರಳಬೇಕೆಂಬ ಪ್ರಸ್ತಾಪದ ಮೇಲೆ ದೀರ್ಘ ಚರ್ಚೆ ನಡೆಯಿತಾದರೂ ಒಮ್ಮತ ಮೂಡಲಿಲ್ಲ. ಹೊಸ ರೂಪವೇ ಉಳಿಯಿತು.

ಹಾಗೆಂದು ಹಳೆಯ ಹೊದಿಕೆಗಳು ಕಣ್ಮರೆಯಾಗಿಲ್ಲ. ಖಾತೆ ಹೊಂದಿರುವವರು ಲಾಗಿನ್ ಆಗಿ ‘ಪ್ರಾಶಸ್ತ್ಯಗಳು’ ಪುಟದ ರೂಪಕ್ಕೆ ಸಂಬಂಧಿಸಿದ ವಿಭಾಗದಲ್ಲಿ ಹಳೆಯ ವೆಕ್ಟರ್, ಮೊನೊಬುಕ್, ಟೈಮ್‌ಲೆಸ್ ಮೊದಲಾದವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಆರಿಸುವ ಮೊದಲು ಮುನ್ನೋಟವನ್ನೂ ಕಾಣಬಹುದು. ಇನ್ನೂ ಹೆಚ್ಚಿನ ಬದಲಾವಣೆ ಬಯಸುವವರು ತಮ್ಮ ಸದಸ್ಯ ಪುಟದಡಿ ‘ಕಾಮನ್.ಸಿಎಸ್‌ಎಸ್’ ಎಂಬ ಉಪಪುಟವನ್ನು ತೆರೆದು ಶೈಲಿ ಸೂಚನೆಗಳನ್ನು ಬರೆಯಬೇಕು. ಅದು ಎಲ್ಲ ಹೊದಿಕೆಗಳಿಗೂ ಅನ್ವಯಿಸುತ್ತದೆ. ಅದರ ಪರಿಣಾಮ ಬರೆದವರ ಪರದೆಯ ಮೇಲೆ ಮಾತ್ರ.

ಕನ್ನಡಕ್ಕೆ ಏಕೆ ಮುಖ್ಯ?

ಇಂಗ್ಲಿಷ್ ಅಕ್ಷರಗಳಿಗೆ ಹೊಂದುವ ಸಾಲಂತರ ಕನ್ನಡಕ್ಕೆ ಸಾಲದಿರಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಕ್ಕಿಳಿಯುತ್ತವೆ, ಗುಣಿತ ಚಿಹ್ನೆಗಳು ಮೇಲಕ್ಕೇರುತ್ತವೆ. ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತುಗಳು ಸೇರುತ್ತವೆ. ಸಾಲುಗಳು ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗಿ ಓದು ತೊಡಕಾಗುತ್ತದೆ. ಸಾಲಂತರವನ್ನು ಹೆಚ್ಚಿಸುವ ಒಂದು ಸೂಚನೆಯಿಂದ ಈ ತೊಂದರೆ ನಿವಾರಣೆಯಾಗುತ್ತದೆ. ಯಾವುದೇ ಹೊದಿಕೆಯನ್ನು ಒಪ್ಪುವ ಮೊದಲು ಕನ್ನಡಿಗರು ಪರಿಶೀಲಿಸಬೇಕಾದ ಮೊದಲ ಅಂಶ ಇದೇ.

ಬಣ್ಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. 2024ರಲ್ಲಿ ವಿಕಿಪೀಡಿಯಕ್ಕೆ ಕಪ್ಪು ಹಿನ್ನೆಲೆಯ ಆಯ್ಕೆ ಬಂದಾಗ ಒಂದು ಹಳೆಯ ದೋಷ ಎದ್ದುಕಂಡಿತು. ಕೆಲವು ಟೆಂಪ್ಲೇಟುಗಳಲ್ಲಿ ತಿಳಿಬಣ್ಣದ ಹಿನ್ನೆಲೆಯನ್ನು ನೇರವಾಗಿ ಬರೆದಿಡಲಾಗಿತ್ತು. ಕಪ್ಪು ಹಿನ್ನೆಲೆಗೆ ತಕ್ಕಂತೆ ಅಕ್ಷರಗಳು ಬಿಳಿಯಾದಾಗ, ಆ ತಿಳಿಬಣ್ಣದ ಚೌಕಗಳಲ್ಲಿ ಅವು ಕಾಣದಂತಾದವು. ಅಂದಕ್ಕೆಂದು ಪಠ್ಯದೊಳಗೇ ಬಣ್ಣ ತುಂಬಿದರೆ, ಕಣ್ಣಿನ ತೊಂದರೆಯಿಂದಾಗಿ ಬೇರೆ ರೂಪವನ್ನು ಆರಿಸಿಕೊಂಡ ಓದುಗನಿಗೆ ಆ ಭಾಗವೇ ಇಲ್ಲವಾಗುತ್ತದೆ.

ಸ್ವಂತ ವಿಕಿ ನಡೆಸುವವರಿಗೆ

ಶಾಲೆ, ಗ್ರಂಥಾಲಯ, ಸಂಘ ಸಂಸ್ಥೆಗಳು ಮೀಡಿಯಾವಿಕಿಯನ್ನು ಉಚಿತವಾಗಿ ಅಳವಡಿಸಿಕೊಳ್ಳಬಹುದು. ಬೇಕಾದ ಹೊದಿಕೆಯ ಕಡತಗಳನ್ನು ‘ಸ್ಕಿನ್ಸ್’ ಕಡತಕೋಶಕ್ಕೆ ಸೇರಿಸಿ, ‘ಲೋಕಲ್‌ಸೆಟ್ಟಿಂಗ್ಸ್’ ಕಡತದಲ್ಲಿ ಅದರ ಹೆಸರನ್ನು ನಮೂದಿಸಿದರೆ ಅದು ಬಳಕೆಗೆ ಸಿದ್ಧ. ಹೊದಿಕೆಯ ಆವೃತ್ತಿಯು ತಂತ್ರಾಂಶದ ಆವೃತ್ತಿಗೆ ಹೊಂದುವಂತಿರಬೇಕು. ಹೊದಿಕೆಯ ಮೂಲ ಕಡತಗಳನ್ನೇ ತಿದ್ದುವುದು ಸಲ್ಲದು. ಮುಂದೆ ಹೊಸ ಆವೃತ್ತಿಯನ್ನು ಅಳವಡಿಸಿದಾಗ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅವನ್ನು ಇಡೀ ತಾಣಕ್ಕೆ ಅನ್ವಯಿಸುವ ‘ಮೀಡಿಯಾವಿಕಿ:ಕಾಮನ್.ಸಿಎಸ್‌ಎಸ್’ ಪುಟದಲ್ಲಿ ಬರೆಯುವುದು ಕ್ಷೇಮ.

ಆ ಪುಟವನ್ನು ಎಲ್ಲರೂ ತಿದ್ದುವಂತಿಲ್ಲ. ಅಲ್ಲಿನ ಒಂದು ತಪ್ಪು ತಾಣದ ಎಲ್ಲ ಪುಟಗಳನ್ನೂ ಕೆಡಿಸಬಲ್ಲದು. ತಾಣದ ಶೈಲಿ ಮತ್ತು ಜಾವಾಸ್ಕ್ರಿಪ್ಟ್ ಪುಟಗಳನ್ನು ತಿದ್ದುವ ಅಧಿಕಾರವನ್ನು 2018ರಿಂದ ‘ಇಂಟರ್‌ಫೇಸ್ ನಿರ್ವಾಹಕ’ರೆಂಬ ಪ್ರತ್ಯೇಕ ವರ್ಗಕ್ಕೆ ನೀಡಲಾಗಿದೆ.

ಪಠ್ಯ ಮತ್ತು ರೂಪ ಬೇರೆಬೇರೆಯಾಗಿದ್ದಷ್ಟೂ ಓದುಗನ ಸ್ವಾತಂತ್ರ್ಯ ಹೆಚ್ಚುತ್ತದೆ. ವಿಕಿಯಲ್ಲಿ ಬರೆಯುವವರು ಅಲಂಕಾರವನ್ನು ಹೊದಿಕೆಗೆ ಬಿಟ್ಟು, ಪಠ್ಯವನ್ನು ಶುದ್ಧವಾಗಿ ಉಳಿಸಿಕೊಂಡರೆ ಮುಂದೆ ಎಂಥ ಹೊದಿಕೆ ಬಂದರೂ ಆ ಬರಹ ಓದಲು ಸಿಗುತ್ತದೆ.