ತಾನು ಸವೆದು ಉಕ್ಕನ್ನು ಉಳಿಸುವ ಸತು

ಕಾಯಿಸಿ ಕರಗಿಸಿದ ಸತುವಿನಲ್ಲಿ ಅದ್ದಿ ತೆಗೆದರೆ ಕಬ್ಬಿಣಕ್ಕೆ ತುಕ್ಕಿನ ಕಾಟ ತಪ್ಪುತ್ತದೆ ಎಂದು ಫ್ರಾನ್ಸಿನ ರಸಾಯನಜ್ಞ ಪಾಲ್ ಜಾಕ್ ಮಾಲುವಾಂ 1742ರಲ್ಲೇ ಅಲ್ಲಿನ ರಾಯಲ್ ಅಕಾಡೆಮಿಗೆ ವಿವರಿಸಿದ್ದ. ಯುರೋಪಿಗೆ ಆಗ ಸತು ತೆಗೆಯುವ ವಿದ್ಯೆಯೇ ಹೊಸತು. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಅದಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಉದಯಪುರದ ಬಳಿಯ ಜಾವರ್‌ನ ಕುಶಲಕರ್ಮಿಗಳಾದರೋ ಅದಕ್ಕೂ ಶತಮಾನಗಳ ಹಿಂದೆಯೇ ಬದನೆಕಾಯಿಯಂಥ ಮಣ್ಣಿನ ಪಾತ್ರೆಗಳಲ್ಲಿ ಸತುವನ್ನು ಆವಿಯಾಗಿಸಿ ಇಳಿಸುತ್ತಿದ್ದರು.

ಮಾಲುವಾಂ ಹೇಳಿದ ಉಪಾಯ ಕಾರ್ಖಾನೆ ಹತ್ತಲು ಸುಮಾರು ನೂರು ವರ್ಷ ಹಿಡಿಯಿತು. ಸತು ಎಲ್ಲೆಂದರಲ್ಲಿ ಅಂಟುವುದಿಲ್ಲ. ಚೂರು ತುಕ್ಕೋ ಜಿಡ್ಡೋ ಉಳಿದರೂ ಆ ಜಾಗ ಬೋಳಾಗಿಯೇ ಇರುತ್ತದೆ. 1837ರಲ್ಲಿ ಸ್ಟಾನಿಸ್ಲಾಸ್ ಸೊರೆಲ್ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಕಬ್ಬಿಣವನ್ನು ಮೊದಲು ಗಂಧಕಾಮ್ಲದಲ್ಲಿ ತೊಳೆದು, ನವಸಾಗರ ಹಚ್ಚಿ, ಆಮೇಲೆ ಅದ್ದುತ್ತಿದ್ದರು. ಇಂದಿನ ಕಾರ್ಖಾನೆಗಳ ಕ್ರಮವೂ ಹೆಚ್ಚುಕಡಿಮೆ ಅದೇ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿನ ತೊಟ್ಟಿಗೆ ಉಕ್ಕಿನ ತೊಲೆ ಇಳಿದ ಕೆಲವೇ ನಿಮಿಷಗಳಲ್ಲಿ ಎರಡೂ ಲೋಹ ಬೆರೆತು ಮಿಶ್ರಲೋಹದ ಪದರಗಳು ಮೂಡುತ್ತವೆ. ಇವುಗಳಲ್ಲಿ ಕೆಲವು ಒಳಗಿನ ಉಕ್ಕಿಗಿಂತಲೂ ಗಟ್ಟಿ. ಹಾಗಾಗಿ ಈ ಲೇಪ ಬಣ್ಣದಂತೆ ಸುಲಭಕ್ಕೆ ಸುಲಿದು ಬರುವುದಿಲ್ಲ.

ರಕ್ಷಣೆಯ ನಿಜವಾದ ಗುಟ್ಟು ಬೆಳಕಿಗೆ ಬಂದದ್ದು ಹಡಗುಗಳಿಂದ. ಬ್ರಿಟಿಷ್ ನೌಕೆಗಳ ತಳಕ್ಕೆ ಹೊದಿಸಿದ ತಾಮ್ರ ಸಮುದ್ರದ ನೀರಿನಲ್ಲಿ ಸವೆಯುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿ ನೋಡಿದ. ಸವೆತ ನಿಂತಿತು. ಆದರೆ ತಾಮ್ರ ಕರಗದ್ದರಿಂದ ಅದರ ವಿಷವೂ ಇಲ್ಲವಾಗಿ, ತಳಕ್ಕೆ ಚಿಪ್ಪುಜೀವಿಗಳು ಮುತ್ತಿ ಹಡಗುಗಳು ನಿಧಾನವಾದವು! ನೌಕಾಪಡೆ ಈ ಉಪಾಯವನ್ನು ಕೈಬಿಟ್ಟರೂ ಡೇವಿ ಕಂಡುಕೊಂಡ ತತ್ತ್ವ ಉಳಿಯಿತು.

ಒದ್ದೆಯಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಮೊದಲು ಕರಗುತ್ತದೆ. ಸತು ಮತ್ತು ಕಬ್ಬಿಣದ ಜೋಡಿಯಲ್ಲಿ ಕರಗುವುದು ಸತು. ಸತು ಲೇಪಿಸಿದ ಜಿಐ ಶೀಟಿನ ಮೇಲೆ ಗೀರು ಬಿದ್ದು ಉಕ್ಕು ಇಣುಕಿದರೂ ಅಕ್ಕಪಕ್ಕದ ಸತುವೇ ಸವೆದು ಅದನ್ನು ಕಾಯುತ್ತದೆ. ತವರ ಹಚ್ಚಿದ ಡಬ್ಬಿಯಲ್ಲಿ ಇದು ತಿರುವುಮುರುವು: ಹೊರಗೆ ಗೀರು ಬಿತ್ತೋ, ಕಬ್ಬಿಣವೇ ಬೇಗ ತುಕ್ಕು ಹಿಡಿಯುತ್ತದೆ.

ಸತು ಸವೆಯುವುದೂ ಬಲು ನಿಧಾನ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಸತುವಿನ ಕಾರ್ಬೋನೇಟ್‌ನ ಮಂಕು ಬೂದು ಪೊರೆ ಕಟ್ಟುತ್ತದೆ. ಇದಕ್ಕೆ ಆಗಾಗ ಒಣಗುವ ಅವಕಾಶ ಬೇಕು. ಮಳೆಗಾಲದಲ್ಲಿ ಒತ್ತೊತ್ತಾಗಿ ಪೇರಿಸಿಟ್ಟ ಹೊಸ ಶೀಟುಗಳ ನಡುವೆ ನೀರು ನಿಂತರೆ ಪೊರೆಯ ಬದಲು ಬಿಳಿ ಪುಡಿ ಏಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲೂ ಸತುವಿನ ಆಯುಷ್ಯ ಕಡಿಮೆ.

ಆದರೂ ನ್ಯೂಯಾರ್ಕಿನಲ್ಲಿ 1883ರಲ್ಲಿ ತೆರೆದ ಬ್ರೂಕ್ಲಿನ್ ಸೇತುವೆ ಇಂದಿಗೂ ಸತು ಲೇಪಿಸಿದ ಉಕ್ಕಿನ ತಂತಿಗಳ ಹಗ್ಗಗಳಿಂದಲೇ ತೂಗುತ್ತಿದೆ.

ನಮ್ಮ ಮನೆಯ ಗೇಟುಗಳು ಮಾತ್ರ ಬೇಗ ಕೆಡುವುದಕ್ಕೆ ಹೆಚ್ಚಾಗಿ ಕಾರಣ ವೆಲ್ಡಿಂಗ್. 907 ಡಿಗ್ರಿಗೇ ಸತು ಕುದಿದು ಆವಿಯಾಗುವುದರಿಂದ ಬೆಸೆದ ಜಾಗದಲ್ಲಿ ಲೇಪವೇ ಉಳಿಯುವುದಿಲ್ಲ. ಆಗ ಏಳುವ ಬಿಳಿ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುವುದೂ ಉಂಟು; ಗಾಳಿಯಾಡುವ ಜಾಗದಲ್ಲೇ ಈ ಕೆಲಸ ಆಗಬೇಕು. ಬೆಸುಗೆ ಆರಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ, ಸತುವಿನ ಪುಡಿ ದಟ್ಟವಾಗಿರುವ ಪೇಂಟನ್ನೇ ಹಚ್ಚಬೇಕು. ನೋಡಲು ಅದರಂತೆಯೇ ಇರುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಸತುವಿನ ಕೆಲಸ ಮಾಡುವುದಿಲ್ಲ.